ಅಡ್ಜಸ್ಟ್ ಮಾಡ್ಕೊಳ್ಳಮ್ಮ

ಹೊರದೇಶದಿಂದ ಸೇವೆಗೆಂದು ಬರುವ ಹುಡುಗ ಹುಡುಗಿಯರನ್ನು ನಾವು ಹೊಗಳುವ ರೀತಿಯೇ ಒಂದು ಬಗೆ. ‘ನೋಡಿ, ಒಂದು ಬಕೆಟ್ ನೀರಿನಲ್ಲಿ ಸ್ನಾನ ಮುಗಿಸುತ್ತಾರೆ, ಚಾಪೆಯ ಮೇಲೆ ಮಲಗುತ್ತಾರೆ, ಮುದ್ದೆ ನುಂಗುತ್ತಾರೆ, ಕರೆಂಟ್ ಹೋದರೂ ಗೊಣಗುವುದಿಲ್ಲ!’ ಕನಕಪುರದ, ಮಾಗಡಿಯ ಹಳ್ಳಿ ಹೆಂಗಸರು ಇದನ್ನೆಲ್ಲ ಹುಟ್ಟಿದಾಗಿನಿಂದ ಮಾಡಿಕೊಂಡೇ ಬಂದಿದ್ದಾರೆ. ಅದಕ್ಕಾಗಿ ಯಾರಾದರೂ ಅವರಿಗೆ ಹಾರ ಹಾಕಿದ್ದನ್ನು ನಾನಂತೂ ಕಾಣೆ.

ಬಂದವರ ಮೇಲೆ ನನಗೆ ಸಿಟ್ಟಿಲ್ಲ. ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರು 1961ರಿಂದ 1976ರವರೆಗೆ ಭಾರತದಲ್ಲಿ ಕೆಲಸ ಮಾಡಿದರು. ಅಂದಿನ ಮೈಸೂರು ರಾಜ್ಯಕ್ಕೂ ಬಂದಿದ್ದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ 1966ರಲ್ಲಿ, ತಮ್ಮ 68ನೆಯ ವಯಸ್ಸಿನಲ್ಲಿ, ಮುಂಬಯಿಯ ವಿಕ್ರೋಲಿಗೆ ನರ್ಸಾಗಿ ಬಂದರು. ಆ ವಯಸ್ಸಿನವರನ್ನು ನಮ್ಮಲ್ಲಿ ‘ಇನ್ನೇನಿದೆ, ರಾಮಾ ಕೃಷ್ಣಾ ಎನ್ನು’ ಎಂದು ಮೂಲೆಗೆ ಕೂರಿಸಿಬಿಡುತ್ತಾರೆ. ಆಕೆಯ ಗಟ್ಟಿತನಕ್ಕೆ ನಮಸ್ಕಾರ. ಆದರೆ ಪೀಸ್ ಕೋರಿನ ಲೆಕ್ಕಾಚಾರವನ್ನೂ ಸ್ವಲ್ಪ ನೋಡಿ. ಅವಧಿ ಸುಮಾರು ಎರಡು ವರ್ಷ. ಇರುವಷ್ಟು ದಿನ ಖರ್ಚಿಗೆ ಹಣ. ಮುಗಿಸಿ ಊರಿಗೆ ಮರಳುವಾಗ, ಅಲ್ಲಿನ ಬದುಕಿಗೆ ಮತ್ತೆ ಹೊಂದಿಕೊಳ್ಳಲೆಂದು ಇನ್ನೊಂದು ಗಂಟು. ಸುಖಕ್ಕೆ ಹೊಂದಿಕೊಳ್ಳಲೂ ಭತ್ಯೆ, ನೋಡಿ!

ನಮ್ಮ ಹೆಂಗಸರ ಕಷ್ಟಕ್ಕೆ ಇಂಥ ದಿನ ಮುಗಿಯಿತು ಎಂಬ ತಾರೀಖು ಎಲ್ಲಿದೆ? ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ನೋಡಲು ಬರುವವರು ಹಾಗೆಯೇ ಒಂದು ನೂಲು ಬಿಚ್ಚುವ ಘಟಕಕ್ಕೂ ಹೋಗಿ ಅರ್ಧ ಗಂಟೆ ನಿಲ್ಲಲಿ. ಬೆಂದ ಗೂಡಿನಿಂದ ಎಳೆ ಹಿಡಿಯುವವಳ ಬೆರಳು ಹೊತ್ತಿಡೀ ಬಿಸಿನೀರಿನಲ್ಲೇ. ಚರ್ಮ ಸುಲಿದ ಆ ಕೈಯಲ್ಲೇ ಮನೆಗೆ ಹೋಗಿ ಖಾರ ಅರೆಯಬೇಕು. ಸತ್ತ ಹುಳುವಿನ ವಾಸನೆ ಸೀರೆಗೆ ಅಂಟಿಕೊಂಡು ಜೊತೆಗೇ ಬರುತ್ತದೆ. ಚನ್ನಪಟ್ಟಣದ ಕಡೆ, ಬೇರೆ ಹುಳುಮನೆ ಕಟ್ಟಿಸಲಾಗದ ಸಣ್ಣ ರೈತನ ಮನೆ ಹೊಕ್ಕು ನೋಡಿ. ನಾಲ್ಕನೆಯ ಜ್ವರ ಎದ್ದ ಹುಳು ಹಣ್ಣಾಗಿ ಚಂದ್ರಿಕೆಗೆ ಏರುವತನಕ ನಡುಮನೆಯೆಲ್ಲ ಅದರದ್ದೇ. ಮನೆಮಂದಿ ಉಳಿದ ಮೂಲೆಗಳಲ್ಲಿ ಮುದುರಿಕೊಳ್ಳುತ್ತಾರೆ. ರಾತ್ರಿ ಎದ್ದು ಸೊಪ್ಪು ಹಾಕುವುದು ಹೆಚ್ಚಾಗಿ ಸೊಸೆಯ ಪಾಲು. ಹುಳುವಿಗೆ ಗಾಳಿ ಎಷ್ಟು, ಶಾಖ ಎಷ್ಟು ಎಂದು ಹೇಳಿಕೊಡಲು ಸರ್ಕಾರದಲ್ಲಿ ಒಂದು ಇಲಾಖೆಯೇ ಇದೆ. ಸೊಸೆಗೆ ಮಾತ್ರ ‘ಇನ್ನೊಂದು ವಾರ, ಅಡ್ಜಸ್ಟ್ ಮಾಡ್ಕೊಳ್ಳಮ್ಮ’. ವಾರ ಕಳೆದು ಗೂಡು ಮಾರಿದ ಮೇಲೆ ಮುಂದಿನ ಬೆಳೆ ಬಂದೇ ಬರುತ್ತದೆ.

ಸೇವೆಯೇ ದೊಡ್ಡದು ಅನ್ನುತ್ತೀರಾ? ಮನೆಮನೆ ಸುತ್ತಿ ಬಸುರಿ ಬಾಣಂತಿಯರ ಲೆಕ್ಕ ಬರೆಯುವ ಆಶಾ ಕಾರ್ಯಕರ್ತೆಯೂ ಸರ್ಕಾರದ ಕಡತದಲ್ಲಿ ನೌಕರಳಲ್ಲ, ಸ್ವಯಂಸೇವಕಿಯೇ. ಅವಳ ಕೈಗೆ ಬರುವುದು ಸಂಬಳವಲ್ಲ, ಗೌರವಧನ. ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆಯಲು 2025ರ ಜನವರಿಯಲ್ಲಿ ಈ ಹೆಂಗಸರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂರಬೇಕಾಯಿತು. ಚಳಿಯಲ್ಲಿ ಬಯಲಲ್ಲಿ ಮಲಗಿದ ಅವರ ಸರಳ ಜೀವನವನ್ನು ಯಾರೂ ಕೊಂಡಾಡಲಿಲ್ಲ.

ಪರದೇಶದ ಅತಿಥಿಗೆ ಕೋಣೆ ಹುಡುಕುವಾಗ ನಾವು ಮೊದಲು ಕೇಳುವುದು, ಒಳಗೇ ಪಾಯಿಖಾನೆ ಇದೆಯೇ, ನೀರು ಬರುತ್ತದೆಯೇ ಎಂದು. ಸರಿಯಾದ ಪ್ರಶ್ನೆಯೇ. ಅದನ್ನೇ ನೂಲು ಬಿಚ್ಚಿಸುವ ಮಾಲೀಕನಿಗೆ, ಅಲ್ಲಿ ದುಡಿಯುವವರ ಪರವಾಗಿ ಕೇಳಿ. ಮಗಳನ್ನು ನೋಡಲು ಬಂದ ಬೀಗರಿಗೂ ಕೇಳಿ, ಕಾಫಿ ಲೋಟ ಕೈಗೆ ಕೊಡುವ ಮೊದಲೇ. ಹೆಣ್ಣಿನ ಕಡೆಯವರಿಗೆ ಬಹಳ ಜಂಬ ಅಂದುಕೊಂಡು ಎದ್ದು ಹೋದರೆ ಹೋಗಲಿ.