ಇಡ್ಲಿಯ ತಲೆಗೆ ಕಟ್ಟಿದ ಭಾರ
ಮೊಸರು, ಇಡ್ಲಿ, ಅಂಬಲಿ, ತಂಗಳನ್ನ ತಿಂದವರ ಹತ್ತಿರ ಕ್ಯಾನ್ಸರ್ ಸುಳಿಯದು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಹುದುಗಿದ ಆಹಾರದಲ್ಲಿ ಗುಣವಿಲ್ಲವೆಂದಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 36 ಮಂದಿ ಆರೋಗ್ಯವಂತರನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಾರಿನಂಶದ ಆಹಾರವನ್ನೂ ಇನ್ನೊಂದಕ್ಕೆ ಮೊಸರು, ಕೆಫಿರ್ ಎಂಬ ಹುದುಗಿದ ಹಾಲು, ಕಿಮ್ಚಿ ಎಂಬ ಹುಳಿಸಿದ ತರಕಾರಿಯಂಥವನ್ನೂ 10 ವಾರ ಹೆಚ್ಚಾಗಿ ತಿನ್ನಿಸಿ, 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡನೆಯ ಗುಂಪಿನವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತ್ತು, ರಕ್ತದಲ್ಲಿ ಉರಿಯೂತ ಸೂಚಿಸುವ 19 ಪ್ರೋಟೀನುಗಳು ತಗ್ಗಿದ್ದವು. ದೀರ್ಘಕಾಲದ ಉರಿಯೂತಕ್ಕೂ ಕೆಲವು ಕ್ಯಾನ್ಸರ್‌ಗಳಿಗೂ ನಂಟಿರುವುದರಿಂದ ಆಸೆ ಹುಟ್ಟುವುದು ಸಹಜ. ಆದರೆ ಆ ಪ್ರಯೋಗ ಕ್ಯಾನ್ಸರನ್ನು ಅಳೆಯಲೇ ಇಲ್ಲ! ಅತ್ತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಚೀನೀ ಶೈಲಿಯ ಉಪ್ಪುಮೀನನ್ನು ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೇ ಸೇರಿಸಿದೆ. ಏಷ್ಯಾದಲ್ಲಿ ಸಾಂಪ್ರದಾಯಿಕವಾಗಿ ಉಪ್ಪಿನಲ್ಲಿ ಹುಳಿಸುವ ತರಕಾರಿಗಳನ್ನು ‘ಕಾರಕವಾಗಿರಬಹುದು’ ಎಂಬ ವರ್ಗದಲ್ಲಿಟ್ಟಿದೆ. ಹೆಂಡವೂ ಹುದುಗಿದ್ದೇ ತಾನೆ, ಮದ್ಯವೂ ಆ ಮೊದಲ ಪಟ್ಟಿಯಲ್ಲೇ ಇದೆ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಬ್ಯಾಕ್ಟೀರಿಯಾಗಳಂತೂ ಹಬೆಯಲ್ಲೇ ಸಾಯುತ್ತವೆ. ಇಡ್ಲಿ ಹಗುರ, ಬೇಗ ಅರಗುತ್ತದೆ, ಅಷ್ಟು ಸಾಲದೇ? ಊಟಕ್ಕೆ ಮಜ್ಜಿಗೆ ಧಾರಾಳವಾಗಿ ಇರಲಿ. ಕೀಮೋಥೆರಪಿಯಿಂದ ಬಿಳಿರಕ್ತಕಣ ಇಳಿದವರು ಮಾತ್ರ ಜೀವಂತ ಸೂಕ್ಷ್ಮಾಣುಗಳಿರುವ ಯಾವುದನ್ನೇ ಆಗಲಿ ವೈದ್ಯರನ್ನು ಕೇಳಿಯೇ ತಿನ್ನಬೇಕು.