ಅರಮನೆಯ ಮೋಟಾರು, ಬಾಡಿಗೆಯ ಮೋಟಾರು

ಮೋಟಾರಿನ ಹುಚ್ಚು ನನ್ನದು, ಮೋಟಾರು ನನ್ನದಲ್ಲ. ಗುಮಾಸ್ತೆಯ ಸಂಬಳದಲ್ಲಿ ನೋಡುವುದಕ್ಕೇನೂ ಅಡ್ಡಿಯಿಲ್ಲವಷ್ಟೆ. ಆದಕಾರಣ 2023ರ ಜನವರಿಯಲ್ಲಿ ಬರೋಡೆಯ ಲಕ್ಷ್ಮೀವಿಲಾಸ ಅರಮನೆಯ ಆವರಣದಲ್ಲಿ ಹಳೆಯ ಕಾರುಗಳ ಪ್ರದರ್ಶನ ನಡೆದಾಗ, ಅಹಮದಾಬಾದಿನಿಂದ ಬೆಳಗಿನ ರೈಲು ಹಿಡಿದೆ. ‘ಇಪ್ಪತ್ತೊಂದು ತೋಪಿನ ಮರ್ಯಾದೆ’ ಎಂಬ ಅರ್ಥದ ಹೆಸರು ಆ ಮೇಳಕ್ಕೆ. ಗಾಯಕವಾಡರು ಇಪ್ಪತ್ತೊಂದು ತೋಪಿನ ಅರಸರು. ನಮ್ಮ ಮೈಸೂರಿನ ಒಡೆಯರೂ ಅದೇ ಪಂಕ್ತಿಯವರು. ಹೆಸರು ಕೇಳಿದೊಡನೆ ಅರ್ಧ ನೆಂಟಸ್ತನವಾಯಿತು.

ಅರಮನೆ ಮುಗಿದದ್ದು 1890ರಲ್ಲಿ. ಆಗ ನಮ್ಮ ದೇಶಕ್ಕೆ ಮೋಟಾರು ಕಾಲಿಟ್ಟೇ ಇರಲಿಲ್ಲ. ಅಂಥ ಅರಮನೆಯ ಮುಂದೆ ಈಗ ರೋಲ್ಸ್-ರಾಯ್ಸ್, ಬೆಂಟ್ಲಿ, ಕ್ಯಾಡಿಲಾಕ್‌ಗಳ ಸಾಲು! ಎರಡನೆಯ ಮಹಾಯುದ್ಧದವರೆಗೆ ರೋಲ್ಸ್-ರಾಯ್ಸ್ ಕಂಪೆನಿಯವರು ಯಂತ್ರವನ್ನೂ ಚೌಕಟ್ಟನ್ನೂ ಮಾತ್ರ ಮಾರುತ್ತಿದ್ದರು. ಮೈಕಟ್ಟು ಹೂಪರ್, ಬಾರ್ಕರ್ ಮೊದಲಾದ ಬೇರೆ ಕಾರ್ಖಾನೆಗಳದು. ಎಂದರೆ ಮಹಾರಾಜರು ಕಾರನ್ನು ಕೊಳ್ಳುತ್ತಿರಲಿಲ್ಲ, ಅಳತೆ ಕೊಟ್ಟು ಅಂಗಿಯಂತೆ ಹೊಲಿಸಿಕೊಳ್ಳುತ್ತಿದ್ದರು. ರಾಣೀವಾಸಕ್ಕೆ ಪರದೆ, ಬೇಟೆಗೆ ದೊಡ್ಡ ದೀಪ. ಇನ್ನು ಗಾಡಿಯ ಮೂತಿಗೆ ಸಿಕ್ಕಿಸುವ ಆ ಕಬ್ಬಿಣದ ಹಿಡಿಕೆ! 1912ರಲ್ಲಿ ಕ್ಯಾಡಿಲಾಕ್‌ನವರು ವಿದ್ಯುತ್ ಸ್ಟಾರ್ಟರನ್ನು ತರುವವರೆಗೆ ಅದನ್ನು ತಿರುಗಿಸಿಯೇ ಎಂಜಿನ್ನನ್ನು ಎಬ್ಬಿಸಬೇಕು. ಎಂಜಿನ್ ಎದುರು ಒದೆದರೆ ಮಣಿಕಟ್ಟು ಮುರಿದಂತೆಯೇ. ಮಹಾರಾಜರ ಮಣಿಕಟ್ಟಲ್ಲ, ಡ್ರೈವರನದು.

ಹಿಂದೊಮ್ಮೆ ಅಹಮದಾಬಾದಿನ ಹೊರಗೆ ಕಠವಾಡಾದಲ್ಲಿ, ದಿವಂಗತ ಪ್ರಾಣಲಾಲ್ ಭೋಗೀಲಾಲರು ಕೂಡಿಸಿದ ನೂರಕ್ಕೂ ಮಿಕ್ಕಿದ ಕಾರುಗಳನ್ನು ನೋಡಿದಾಗಲೂ ನನಗೆ ಒಂದೇ ಯೋಚನೆ. ಇಷ್ಟು ರಾಜರ ಗಾಡಿಗಳು ಉಳಿದವು. ನಮ್ಮಂಥವರನ್ನು ಹೊತ್ತ ಗಾಡಿಗಳೆಲ್ಲಿ?

ತಿಪಟೂರಿನಲ್ಲಿ ನಮ್ಮ ಚಿಕ್ಕಪ್ಪನವರದೊಂದು ಬಾಡಿಗೆ ಅಂಬಾಸಡರ್ ಇತ್ತು. ಮದುವೆಯ ದಿಬ್ಬಣ, ಹೆರಿಗೆ, ಧರ್ಮಸ್ಥಳ ಯಾತ್ರೆ, ಎಲ್ಲಕ್ಕೂ ಅದೇ. ಅದನ್ನು ಮಾಡಿದ ಹಿಂದುಸ್ತಾನ್ ಮೋಟಾರ್ಸ್ 1942ರಲ್ಲಿ ಮೊದಲು ನೆಲೆಯೂರಿದ್ದು ಇದೇ ಗುಜರಾತಿನ ಓಖಾ ಬಂದರಿನಲ್ಲಿ. ಅನಂತರ ಬಂಗಾಳದ ಉತ್ತರಪಾಡಕ್ಕೆ ಹೋಯಿತು. 2014ರಲ್ಲಿ ಅಂಬಾಸಡರ್ ತಯಾರಿಕೆಯೇ ನಿಂತಿತು.

ಸರಕಾರಿ ಕಾಗದ ಓದುವುದು ನನ್ನ ಹೊಟ್ಟೆಪಾಡು. 2021ರ ನಿಯಮದಂತೆ ಐವತ್ತು ವರ್ಷ ದಾಟಿದ ಗಾಡಿಯನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಶುಲ್ಕ ರೂ. 20,000, ಹತ್ತು ವರ್ಷಕ್ಕೆ ಸಿಂಧು. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸುವುದಕ್ಕೆ ರಸ್ತೆಗಿಳಿಯಬಹುದು, ಬಾಡಿಗೆಗೆ ಕೂಡದು. ಬಿಗಿ ಇರುವುದು ಇನ್ನೊಂದು ಷರತ್ತಿನಲ್ಲಿ: ಚೌಕಟ್ಟು, ಮೈಕಟ್ಟು, ಎಂಜಿನ್ ಮೂಲರೂಪದಲ್ಲೇ ಇರಬೇಕು. ಷೆಡ್ಡಿನಲ್ಲಿ ಮಲಗಿದ್ದ ರಾಜರ ಗಾಡಿಗೆ ಅದು ಸುಲಭ. ಚಿಕ್ಕಪ್ಪನವರು ಪೆಟ್ರೋಲಿನ ಬೆಲೆಗೆ ಹೆದರಿ ಡೀಸೆಲ್ ಎಂಜಿನ್ ಕೂರಿಸಿದರು. ತುಕ್ಕು ತಿಂದಲ್ಲೆಲ್ಲ ತಗಡು ಬೆಸೆಸಿದರು. ದುಡಿಯಬೇಕಾದ ಗಾಡಿ ಮೂಲರೂಪದಲ್ಲಿ ಹೇಗೆ ತಾನೇ ಇದ್ದೀತು? ಕೊನೆಗೆ ಅದು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಷರತ್ತು ತಪ್ಪೆಂದು ನಾನು ಹೇಳಲಾರೆ. ಆದರೆ ಅದರ ಜರಡಿಯಲ್ಲಿ ಉಳಿಯುವವು ಹೆಚ್ಚಾಗಿ ದುಡಿಯದ ಗಾಡಿಗಳೇ.

ಸೂರತ್, ಬರೋಡೆ, ಅಹಮದಾಬಾದಿನ ನಮ್ಮ ಬಂಧುಗಳಲ್ಲಿ ಒಂದು ಬಿನ್ನಹ. ಊರಿನ ಕೊಟ್ಟಿಗೆಯಲ್ಲಿ 1975ಕ್ಕಿಂತ ಹಿಂದಿನ ಅಂಬಾಸಡರೋ ಫಿಯೆಟ್ಟೋ ಮಲಗಿದ್ದರೆ, ಗುಜರಿಯವನನ್ನು ಕರೆಯುವ ಮುನ್ನ ಮೂಲ ನೋಂದಣಿ ಪುಸ್ತಕವನ್ನು ಹುಡುಕಿರಿ. ಅದರಲ್ಲಿರುವ ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಗಾಡಿಯ ಮೇಲಿನವುಗಳೊಡನೆ ತಾಳೆ ನೋಡಿರಿ. ಹೊಂದಿಕೆಯಾದರೆ ಸಂಘದ ವಿಳಾಸಕ್ಕೆ ನನ್ನ ಹೆಸರಿನಲ್ಲೊಂದು ಕಾರ್ಡು ಹಾಕಿರಿ. ರಜೆ ಹಾಕಿಯಾದರೂ ಬಂದು ನೋಡುತ್ತೇನೆ.