ಗುಡ್ಡ ಜಾರುವ ಮುನ್ನ ಕಂದಾಯದಲ್ಲೊಂದು ಪಾಲು

ಶೆಟ್ಟಿಹಳ್ಳಿಗೆ ಹೋದವರೆಲ್ಲರೂ ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಹಳೆಯ ರೋಸರಿ ಚರ್ಚಿನ ಗೋಡೆಗಳನ್ನು ಕಂಡಿರುತ್ತಾರೆ. ಗೊರೂರಿನಲ್ಲಿ ಅಣೆಕಟ್ಟೆ ಕಟ್ಟುವಾಗ ನೀರು ಎಲ್ಲಿಯವರೆಗೆ ಏರುವುದೆಂಬುದು ಮೊದಲೇ ತಿಳಿದಿತ್ತು. ಹೀಗಾಗಿ ಜನರು ನೆಲೆ ಬದಲಿಸಲು ಅವಕಾಶವಿತ್ತು. ಗುಡ್ಡ ಕುಸಿತ ಹಾಗಲ್ಲ; ಅದು ದಿನ ಹೇಳಿ ಬರುವುದಿಲ್ಲ. ಆದರೆ ಎಲ್ಲಿ ಕುಸಿಯಬಹುದೆಂಬುದು ಬಹುಮಟ್ಟಿಗೆ ತಿಳಿದೇ ಇರುತ್ತದೆ. ತಿಳಿದೂ ಹಣ ಕೂಡಿಡದಿರುವುದೇ ನಮ್ಮ ದೋಷ.

ಇದು ಮಲೆನಾಡಿನವರ ಕಷ್ಟ, ಬಯಲುಸೀಮೆಯ ವರ್ತಕರಾದ ನಮಗೇನು ಎಂದು ಕೆಲವರು ಕೇಳಬಹುದು. 2024ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳೋಣ. 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಪಕ್ಕದ ಮಣ್ಣು ಜಾರಿ ಮಂಗಳೂರು ಮಾರ್ಗದ ರೈಲುಗಳು ನಿಂತವು. ಅದೇ ಮಳೆಗಾಲದಲ್ಲಿ ಸಕಲೇಶಪುರದಾಚೆ ಶಿರಾಡಿ ಘಾಟಿಯ ಹೆದ್ದಾರಿಯೂ ಮಣ್ಣು ಕುಸಿದು ಬಂದ್ ಆಯಿತು. ನಮ್ಮ ಜಿಲ್ಲೆಯ ಕಾಫಿ, ಮೆಣಸು ಬಂದರಿಗೆ ಹೋಗುವುದೂ ಕರಾವಳಿಯಿಂದ ಸರಕು ಬರುವುದೂ ಈ ದಾರಿಯಲ್ಲೇ. ಲಾರಿಯೊಂದು ಎರಡು ದಿನ ನಿಂತರೆ ಬಾಡಿಗೆ, ಬಡ್ಡಿ, ಗಿರಾಕಿಯ ವಿಶ್ವಾಸ ಮೂರೂ ಕೈಬಿಡುತ್ತವೆ.

2018ರ ಆಗಸ್ಟ್‌ನ ಕೊಡಗಿನ ದುರಂತದ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಅಧ್ಯಯನ ನಡೆಸಿ, ಅತಿವೃಷ್ಟಿಯ ಜೊತೆಗೆ ಮನುಷ್ಯರು ಇಳಿಜಾರನ್ನು ಬೇಕಾಬಿಟ್ಟಿಯಾಗಿ ಕಡಿದದ್ದನ್ನೂ ಕಾರಣವೆಂದು ಬೊಟ್ಟುಮಾಡಿತು. ಮನೆಗೋ ಹೋಂಸ್ಟೇಗೋ ಗುಡ್ಡವನ್ನು ನೇರವಾಗಿ ಅಗೆದಾಗ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ನೀರಿಗೆ ದಾರಿ ಇಲ್ಲದಿದ್ದರೆ ಅದು ಮಣ್ಣಿನೊಳಗೆ ಇಂಗಿ ಭಾರವಾಗುತ್ತದೆ. ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿನಗರಗಳಂತಹ ಬಡಾವಣೆಗಳ ಜನರು ಪ್ರತಿ ಮಳೆಗಾಲವನ್ನೂ ಆತಂಕದಿಂದಲೇ ಕಳೆಯುವಂತಾಯಿತು.

ಸರ್ಕಾರದ ಹಣ ಇಲ್ಲವೆಂದಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯು ಪರಿಹಾರ ನಿಧಿಯಲ್ಲದೆ ಉಪಶಮನ ನಿಧಿಯನ್ನೂ ಕಲ್ಪಿಸಿದೆ. 15ನೇ ಹಣಕಾಸು ಆಯೋಗವು 2021–26ರ ಅವಧಿಗೆ ರಾಜ್ಯಗಳ ವಿಪತ್ತು ಹಣದಲ್ಲಿ ಶೇ. 80ನ್ನು ಸ್ಪಂದನೆಗೂ ಶೇ. 20ನ್ನು ಉಪಶಮನಕ್ಕೂ ವಿಂಗಡಿಸಿತು. ಅಂದರೆ ಬಿದ್ದ ಮೇಲೆ ನಾಲ್ಕು ಪಾಲು, ಬೀಳದಂತೆ ತಡೆಯಲು ಒಂದು ಪಾಲು. ಆ ಒಂದು ಪಾಲಿಗೂ ಪ್ರವಾಹ, ಬರಗಳೆಲ್ಲ ಕೈಯೊಡ್ಡುತ್ತವೆ.

ಆದ್ದರಿಂದ ಗುಡ್ಡದ ಊರುಗಳಲ್ಲಿ ಆಸ್ತಿ ತೆರಿಗೆಯೊಂದಿಗೆ ಇಳಿಜಾರು ರಕ್ಷಣಾ ವಂತಿಗೆಯೊಂದನ್ನು ವಿಧಿಸುವುದು ಸೂಕ್ತವೆಂದು ನನ್ನ ಅಭಿಪ್ರಾಯ. ಇದು ಹೊಸ ಕಲ್ಪನೆಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1979ರಲ್ಲೇ ಇಂತಹ ಕಾನೂನು ಮಾಡಿತು. ಅದರಂತೆ 1981ರಲ್ಲಿ ಅಬಲೋನಿ ಕೋವ್ ಎಂಬಲ್ಲಿ ಆಸ್ತಿದಾರರೇ ಘಟಕ ರಚಿಸಿಕೊಂಡು, ತಾವೇ ಹಣ ಕಟ್ಟಿ, ಬಾವಿ ತೋಡಿ ಅಂತರ್ಜಲವನ್ನು ಹೊರಹಾಕುತ್ತ ಬಂದರು. ಆದರೂ ಭಾರೀ ಮಳೆಯ ಬಳಿಕ 2024ರಲ್ಲಿ ಅಲ್ಲಿನ ನೆಲ ಮತ್ತೆ ವೇಗವಾಗಿ ಜಾರಿತು. ವಂತಿಗೆಯೊಂದರಿಂದಲೇ ಎಲ್ಲವೂ ಆಗದು ಎಂಬ ಪಾಠವನ್ನೂ ನಾವು ಕಲಿಯಬೇಕು.

ವರ್ತಕರ ಆಕ್ಷೇಪಣೆ ನನಗೆ ತಿಳಿಯದ್ದೇನಲ್ಲ. ಆಸ್ತಿ ತೆರಿಗೆಯ ಮೇಲೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಈಗಾಗಲೇ ಇವೆ. ಆ ಹಣ ಎಲ್ಲಿ ಹೋಯಿತೆಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಕೊಡಬಲ್ಲರು? ಆದುದರಿಂದ ಷರತ್ತುಗಳಿಲ್ಲದೆ ಒಪ್ಪತಕ್ಕದ್ದಲ್ಲ.

ಮೊದಲನೆಯದಾಗಿ, ಭೂವಿಜ್ಞಾನಿಗಳು ಗುರುತಿಸಿದ ವಲಯದ ಆಸ್ತಿಗಳಿಗೆ ಮಾತ್ರ ವಂತಿಗೆ ಅನ್ವಯವಾಗಬೇಕು. ಎರಡನೆಯದಾಗಿ, ಗುಡ್ಡವನ್ನು ಹೆಚ್ಚು ಅಗೆದವನಿಂದ ಹೆಚ್ಚು ವಸೂಲಾಗಬೇಕು. ಸಣ್ಣ ಮನೆಗಳಿಗೆ ವಿನಾಯಿತಿ ಇರಬೇಕು. ಬೇರೆಡೆ ನಿವೇಶನ ಸಿಗದೆ ಇಳಿಜಾರಿನಲ್ಲಿ ಗುಡಿಸಲು ಹಾಕಿದವನನ್ನೂ ರೆಸಾರ್ಟಿನ ಮಾಲೀಕನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮೂರನೆಯದಾಗಿ, ಹಣ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿದ್ದು, ವರ್ಷಕ್ಕೊಮ್ಮೆ ಲೆಕ್ಕವನ್ನು ವಾರ್ಡಿನ ಜನರ ಮುಂದಿಡಬೇಕು. ನಾಲ್ಕನೆಯದಾಗಿ, ಹೆದ್ದಾರಿಗೂ ರೈಲಿಗೂ ಕಡಿದ ಗುಡ್ಡದ ಹೊಣೆ ಆಯಾ ಇಲಾಖೆಯದ್ದೇ ಆಗಿರಬೇಕು. ಅದನ್ನು ಊರಿನವರ ತಲೆಗೆ ಕಟ್ಟಬಾರದು.

ಉದಾಹರಣೆಗೆ ಒಂದು ವಾರ್ಡಿನಲ್ಲಿ 200 ಆಸ್ತಿಗಳು ಸರಾಸರಿ 1,500 ರೂಪಾಯಿ ಕೊಟ್ಟರೆ ವರ್ಷಕ್ಕೆ 3 ಲಕ್ಷವಾಗುತ್ತದೆ. ಅದರಿಂದ ದೊಡ್ಡ ತಡೆಗೋಡೆ ಏಳದು, ನಿಜ. ಆದರೆ ಮಳೆಗಾಲಕ್ಕೆ ಮುನ್ನ ಚರಂಡಿ ಹೂಳೆತ್ತಲು, ಇರುವ ತಡೆಗೋಡೆಯ ನೀರು ಹೊರಹೋಗುವ ರಂಧ್ರಗಳನ್ನು ಬಿಡಿಸಲು, ಬರಿದಾದ ಇಳಿಜಾರಿಗೆ ಲಾವಂಚ ನೆಡಲು ಸಾಕಾದೀತು. ದೊಡ್ಡ ಕಾಮಗಾರಿಗೆ ಉಪಶಮನ ನಿಧಿಯನ್ನು ಕೇಳುವಾಗ, ನಮ್ಮ ಪಾಲು ಇಗೋ ಎಂದು ತೋರಿಸಲೂ ಬರುತ್ತದೆ.

ಅಂಗಡಿಗೆ ಬೆಂಕಿ ವಿಮೆ ಮಾಡಿಸದ ವರ್ತಕನನ್ನು ನಾವು ಜಾಣನೆನ್ನುವುದಿಲ್ಲ. ಗುಡ್ಡದ ವಿಷಯದಲ್ಲಿ ಮಾತ್ರ ಪ್ರತಿ ವರ್ಷ ದೇವರ ಮೇಲೆ ಭಾರ ಹಾಕುತ್ತೇವೆ. ಮುಂದಿನ ಮುಂಗಾರಿಗೆ ಮುನ್ನ ಸದಸ್ಯ ಬಾಂಧವರು ಈ ಕುರಿತು ಚರ್ಚಿಸಿ, ಮಲೆನಾಡಿನ ಪುರಸಭೆ, ನಗರಸಭೆಗಳಿಗೆ ಷರತ್ತುಸಹಿತವಾದ ಮನವಿಯೊಂದನ್ನು ಸಲ್ಲಿಸುವುದು ಯುಕ್ತವೆಂದು ವಿನಂತಿಸುತ್ತೇನೆ.